ಹೊಸ ಕಸುಬು ಊರಿಗೆ ಬರುವುದು ಯಾರ ಕಾಲಿನ ಮೇಲೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಬನ್ನಿ

ಅನಗೋಳ ಫಿಟ್ಟರ್

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಯಾವ ಮಾಲಕರನ್ನು ಮಾತಾಡಿಸಿದರೂ ಕಡೆಗೆ ಅದೇ ರಾಗ. "ಹುಡುಗನಿಗೆ ಕೆಲಸ ಕಲಿಸಿದೆ, ದೊಡ್ಡ ಕಂಪನಿಯವರು ಪಗಾರ ಜಾಸ್ತಿ ಅಂದರು, ಹೋದ." ಇದಕ್ಕೆ ಔಷಧಿ ಅಂತ ಈಗ ಒಂದು ಹೊಸ ಮಾತು ಕೇಳಿ ಬರುತ್ತಿದೆ. ಮಾಲಕರೆಲ್ಲ ಸೇರಿ, ಒಬ್ಬರ ಕೆಲಸಗಾರರನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದು ಅಂತ ಬಾಯಿಮಾತಿನ ಒಪ್ಪಂದ ಮಾಡಿಕೊಳ್ಳಬೇಕಂತೆ.

ನನಗೆ ಇದು ಸರಿ ಕಾಣುವುದಿಲ್ಲ. ನನ್ನ ಹೊಟ್ಟೆಪಾಡಿನ ಪ್ರಶ್ನೆ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಪಕ್ಕಕ್ಕಿಟ್ಟರೂ, ಈ ಊರಿಗೆ ಹೊಸ ಕಸುಬು ಬಂದದ್ದೆಲ್ಲ ಮಂದಿ ಅಲ್ಲಿಂದ ಇಲ್ಲಿಗೆ ಓಡಾಡಿದ್ದರಿಂದಲೇ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಮುಂಬೈಗೆ ಹೋಗಿ ಡ್ರಾಯಿಂಗ್ ಕಲಿತರು. ಅಲ್ಲಿನ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಾಸ್ತರಿಕೆ ಮಾಡುತ್ತ ಮೆಷಿನ್ ಕೆಲಸದಲ್ಲಿ ಕೈ ಪಳಗಿಸಿಕೊಂಡರು. ಬಡ್ತಿ ಬೇರೆಯವರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣನ ಜೊತೆ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಅಂದರೆ ಮುಂಬೈಯ ವಿದ್ಯೆ ಒಬ್ಬ ಮನುಷ್ಯನ ಜೊತೆ ರೈಲು ಹತ್ತಿ ಇಲ್ಲಿಗೆ ಬಂತು. ಮುಂದೆ ಅವರ ಕಾರ್ಖಾನೆಯ ಜಾಗ ಊರು ಬೆಳೆಸಲು ನಗರಸಭೆಗೆ ಬೇಕಾಯಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ ಹತ್ತಿರ ಬೋಳು ನೆಲ ಕೊಟ್ಟರು. 1910ರಲ್ಲಿ ಕೆಲಸಗಾರರನ್ನೂ ಅವರ ಹೆಂಡಿರು ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಈಗಿನ ಮಹಾರಾಷ್ಟ್ರದ ಕಿರ್ಲೋಸ್ಕರವಾಡಿ ಅದೇ. ನಮಗೆ ಉಳಿದದ್ದು ಪೇಟೆಯಲ್ಲಿ ಕಿರ್ಲೋಸ್ಕರ್ ರೋಡ್ ಎಂಬ ಹೆಸರು.

ಜಾಗ ಇಲ್ಲೇ ಇತ್ತು, ಗಿರಾಕಿಗಳಾದ ರೈತರೂ ಇಲ್ಲೇ ಇದ್ದರು. ಹೋದದ್ದು ಕೆಲಸ ಬಲ್ಲ ಮಂದಿ. ಅವರ ಹಿಂದೆಯೇ ಉದ್ಯೋಗವೂ ಹೋಯಿತು. ಜನ ಓಡಾಡಿದರೆ ಊರಿಗೆ ಲಾಭ ಯಾವಾಗ, ನಷ್ಟ ಯಾವಾಗ? ನಿಮ್ಮ ನಿಮ್ಮ ಕಸುಬಿನಲ್ಲಿ ಕಂಡದ್ದನ್ನು ಬರೆಯಿರಿ.

ಎರಡನೇ ತಲೆಮಾರು

ಚಂದ ಬರೆದಿದ್ದೀರಿ. ಆದರೆ ಪಗಾರ ಕೊಡುವವನ ಲೆಕ್ಕವನ್ನೂ ಸ್ವಲ್ಪ ಕೇಳಿ. ನಮ್ಮದು ಸಣ್ಣ ಫೌಂಡ್ರಿ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕೆಲಸ. ಅಪ್ಪ ಶುರು ಮಾಡಿದ್ದು.

ಮೋಲ್ಡಿಂಗ್‌ಗೆ, ಅಂದರೆ ಮರಳಿನ ಅಚ್ಚು ಕಟ್ಟುವ ಕೆಲಸಕ್ಕೆ, ಹೊಸ ಹುಡುಗ ಬಂದ ಅಂದುಕೊಳ್ಳಿ. ಮರಳಿನಲ್ಲಿ ನೀರು ಎಷ್ಟಿದೆ ಅಂತ ಅವನು ಮುಷ್ಟಿಯಲ್ಲಿ ಹಿಡಿದು ಹೇಳಬೇಕು. ಹಿಸುಕಿದಾಗ ಬೆರಳಿನ ಗುರುತು ಮುದ್ದೆಯ ಮೇಲೆ ಉಳಿಯಬೇಕು, ಮುರಿದಾಗ ಅಂಚು ಚೂಪಾಗಿರಬೇಕು, ಕೈಗೆ ಮೆತ್ತಿಕೊಳ್ಳಬಾರದು. ನೀರು ಜಾಸ್ತಿಯಾದರೆ ಕಾಸ್ಟಿಂಗ್ ತುಂಬ ಬ್ಲೋ ಹೋಲ್, ಅಂದರೆ ಗಾಳಿಯ ತೂತು. ಕಡಿಮೆಯಾದರೆ ಮೋಲ್ಡ್ ಉದುರಿ ಮರಳು ಒಳಗೆ ಸೇರುತ್ತದೆ. ಮೀಟರ್ ಇದೆ, ಲ್ಯಾಬ್ ಇದೆ. ಆದರೂ ಮಧ್ಯಾಹ್ನದ ಬಿಸಿಲಿಗೆ ಮರಳು ಒಣಗಿದಾಗ ಲ್ಯಾಬಿನವನು ಬರುವ ತನಕ ಕಾಯುವುದಕ್ಕಾಗುತ್ತದೆಯೇ? ಈ ಅಂದಾಜು ಬರುವ ಹೊತ್ತಿಗೆ ಹೋದ ಕರೆಂಟು ನನ್ನದು, ಮತ್ತೆ ಕರಗಿಸಿದ ಕಬ್ಬಿಣ ನನ್ನದು, ಮಾಲು ತಡವಾಯಿತು ಅಂತ ಗಿರಾಕಿಯಿಂದ ಬೈಸಿಕೊಂಡವನೂ ನಾನೇ. ಹುಡುಗ ಹದಕ್ಕೆ ಬಂದ ಮರುದಿನ ರಾಜೀನಾಮೆ. ಎಮ್ಮೆ ಮೇಯಿಸಿದವರು ನಾವು, ಹಾಲು ಕರೆದುಕೊಂಡವರು ಅವರು.

ಎಲ್ಲರೂ ಹೀಗೆ ಹೋಗುತ್ತಿದ್ದರೆ ಮುಂದೆ ಯಾರೂ ಕಲಿಸುವುದಿಲ್ಲ. ಕಲಿಸುವವರೇ ಇಲ್ಲದ ಊರಿನಲ್ಲಿ ಹೊಸ ಉದ್ಯೋಗ ಹೇಗೆ ಬೇರು ಬಿಡುತ್ತದೆ, ನೀವೇ ಹೇಳಿ.

ವಿಎಂಸಿ ರಾತ್ರಿಪಾಳಿ

ಮಾಲಕರೇ, ಹಾಗೆ ಎದ್ದು ಹೋದವರಲ್ಲಿ ನಾನೂ ಒಬ್ಬ (ನಿಮ್ಮ ಫೌಂಡ್ರಿಯಿಂದ ಅಲ್ಲ, ಹೆದರಬೇಡಿ). ಮೊದಲು ಮೆಷಿನ್ ಮೇಲೆ ಪಂಪಿನ ಹೌಸಿಂಗ್ (ಹೊರಕವಚ) ಹೊಡೆಯುತ್ತಿದ್ದೆ, ಈಗ ವಿಮಾನದ ಬಿಡಿಭಾಗ.

ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಕಂಪನಿಯವರ 250 ಎಕರೆ ವಿಶೇಷ ಆರ್ಥಿಕ ವಲಯ ಶುರುವಾದದ್ದು 2009ರಲ್ಲಿ. ಬೆಳಗಾವಿಗೆ ವಿಮಾನಕ್ಕೂ ಏನು ಸಂಬಂಧ ಅಂತ ಆಗ ನಗಾಡಿದವರು ಬಹಳ ಮಂದಿ. ಸಂಬಂಧ ಇತ್ತು. ಡ್ರಾಯಿಂಗ್ ಓದಬಲ್ಲ, ವರ್ನಿಯರ್ ಹಿಡಿಯಬಲ್ಲ, ಮೂರು ಪಾಳಿಗೆ ಒಗ್ಗಿಕೊಂಡ ಮಂದಿ ಇಲ್ಲಿ ಮೊದಲೇ ಇದ್ದರು. ಪಂಪು, ಹೈಡ್ರಾಲಿಕ್ಸ್, ಆಟೊ ಬಿಡಿಭಾಗ ಮಾಡಿ ಮಾಡಿ ತಯಾರಾದವರು. ಅದನ್ನು ನೀವು ಕಲಿಸಿದ್ದು, ಒಪ್ಪುತ್ತೇನೆ.

ಆದರೆ ಅಷ್ಟೇ ಸಾಕಾಗಲಿಲ್ಲ. ಎರಕದ ಕಬ್ಬಿಣವನ್ನು ಎಷ್ಟು ಬಿಗಿದರೂ ಅದು ಜಗ್ಗುವುದಿಲ್ಲ. ನಮ್ಮ ಕೈಗೆ ಅದೇ ಅಭ್ಯಾಸ. ದಪ್ಪ ಅಲ್ಯುಮಿನಿಯಂ ಪ್ಲೇಟನ್ನು ಕೊರೆದು ತೆಳು ಗೋಡೆಯ ಭಾಗ ತೆಗೆಯುವಾಗ ಹಾಗೆ ಬಿಗಿದರೆ, ಮೆಷಿನ್ ಮೇಲೆ ಇರುವ ತನಕ ಅಳತೆ ಎಲ್ಲ ಸರಿ ತೋರಿಸುತ್ತದೆ. ಕ್ಲ್ಯಾಂಪ್ ಸಡಿಲಿಸಿದ ಕೂಡಲೇ ಪೀಸು ಬಾಗುತ್ತದೆ. ಮೊದಲು ರಫ್ ಹೊಡೆದು, ಒಂದಿಷ್ಟು ಮಾಲು ಉಳಿಸಿ, ಬಿಚ್ಚಿ, ಒಳಗಿನ ಬಿಗಿತ ಹೊರಗೆ ಹೋಗಲು ಬಿಟ್ಟು, ತಿರುವಿ, ಹಗುರವಾಗಿ ಹಿಡಿದು ಆಮೇಲೆ ಫಿನಿಶ್ ಮಾಡಬೇಕು. ಇದನ್ನು ತೋರಿಸಿಕೊಟ್ಟವರು ಬೆಂಗಳೂರಿನ ಎಚ್‌ಎಎಲ್‌ನಿಂದ ರಿಟೈರ್ ಆಗಿ ಬಂದ ಒಬ್ಬ ಹಿರಿಯರು. ಪಕ್ಕದಲ್ಲೇ ನಿಂತು, ನನ್ನ ಕೈಯ ಸ್ಪ್ಯಾನರ್ ಕಿತ್ತುಕೊಂಡು, "ಇಷ್ಟು ಸಾಕು" ಅಂದರು. ಕೈಪಿಡಿಯಲ್ಲಿ ಟಾರ್ಕ್ (ಬಿಗಿಯುವ ಬಲ) ಎಷ್ಟು ಅಂತ ಬರೆದಿರುತ್ತದೆ. ಯಾಕೆ ಅಂತ ಬರೆದಿರುವುದಿಲ್ಲ.

ಇನ್ನೊಂದು, ಗೀರಿನ ವಿಷಯ. ಪೀಸಿಗೆ ಸಣ್ಣ ಗೀರು ಬಿದ್ದರೆ ಎಮರಿ ಉಜ್ಜಿ ಸುಮ್ನೆ ಕಳಿಸುವುದು ಹಳೇ ಚಾಳಿ. ವಿಮಾನದ ಕೆಲಸದಲ್ಲಿ ಅದೇ ದೊಡ್ಡ ತಪ್ಪು. ಬಿದ್ದದ್ದನ್ನು ಬರೆದು, ಪೀಸನ್ನು ಪಕ್ಕಕ್ಕೆ ಇಟ್ಟು, ಇಂಜಿನಿಯರ್ ತೀರ್ಮಾನಕ್ಕೆ ಕಾಯಬೇಕು. ಮೆಷಿನ್ ಓಡಿಸುವುದು ನನಗೆ ಬೇಗ ಬಂತು. ಈ ಬುದ್ಧಿ ಬರುವುದಕ್ಕೆ ಬಹಳ ಹೊತ್ತು ಬೇಕಾಯಿತು, ಅದೂ ಅದೇ ಕೆಲಸ ಮಾಡಿ ಬಂದವರ ಜೊತೆ ಇದ್ದದ್ದರಿಂದ.

ಸಂಕೇಶ್ವರ ಓದುಗ

ರಾತ್ರಿಪಾಳಿ ಅಣ್ಣನ ಮಾತಿಗೆ ಸರಿಯಾಗಿ ಹೊಂದುವ ಒಂದು ಅಧ್ಯಯನ ಇದೆ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ಇಂಥವನ್ನು ಓದುವ ಚಟ.

ಬ್ರೆಜಿಲ್‌ನಲ್ಲಿ ಯಾರು ಯಾವ ಕಂಪನಿಯಿಂದ ಯಾವ ಕಂಪನಿಗೆ ಹೋದರು ಎಂಬ ಸರ್ಕಾರಿ ದಾಖಲೆ ಇದೆ. ಅದನ್ನು ಇಟ್ಟುಕೊಂಡು ಕೆಲವರು 2018ರಲ್ಲಿ ಒಂದು ಲೆಕ್ಕ ಹಾಕಿದರು. ಒಂದು ಪ್ರದೇಶದಲ್ಲಿ ಅಲ್ಲಿಯವರೆಗೆ ಇಲ್ಲದ ಉದ್ಯಮವನ್ನು ಮೊದಲ ಬಾರಿಗೆ ತೆರೆಯುವ ಕಂಪನಿಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಬಾಗಿಲು ಹಾಕುತ್ತದೆ ಅಂತ. ಅದೇ ಉದ್ಯಮದಲ್ಲೋ, ಅದಕ್ಕೆ ಹತ್ತಿರದ ಉದ್ಯಮದಲ್ಲೋ ದುಡಿದು ಬಂದವರನ್ನು ತೆಗೆದುಕೊಂಡ ಕಂಪನಿಗಳು ಜಾಸ್ತಿ ಬೆಳೆದವು, ಜಾಸ್ತಿ ಉಳಿದವು. ಬೇರೆ ಉದ್ಯಮದಲ್ಲಿ ಅದೇ ಹುದ್ದೆ ಮಾಡಿದ್ದರೆ ಅಷ್ಟು ಲಾಭ ಕಾಣಲಿಲ್ಲ. ಅಂದರೆ ಅಕೌಂಟೆಂಟ್ ಆದರೂ, ಫೋರ್‌ಮನ್ ಆದರೂ, ಅವರು ಯಾವ ಕಸುಬಿನ ವಾಸನೆ ಹೊತ್ತು ಬಂದಿದ್ದಾರೆ ಎಂಬುದೇ ಮುಖ್ಯ. ನಮ್ಮಲ್ಲಿ ಕೆಲಸಕ್ಕೆ ಕರೆಯುವ ಜಾಹೀರಾತು ನೋಡಿ: "ಡಿಪ್ಲೊಮಾ, 3 ವರ್ಷ ಅನುಭವ" ಅಂತ ಇರುತ್ತದೆ. ಯಾವ ಕಸುಬಿನಲ್ಲಿ ಅನುಭವ ಅಂತ ಬಹಳ ಕಡೆ ಕೇಳುವುದೇ ಇಲ್ಲ.

ಸ್ವೀಡನ್‌ನಲ್ಲೂ ಇಂಥದೇ ದಾಖಲೆ ನೋಡಿದ್ದಾರೆ. ಊರಿನವರೇ ಶುರು ಮಾಡುವ ಉದ್ಯಮ ಹೆಚ್ಚಾಗಿ ಊರಿನ ಹಳೆಯ ಕಸುಬಿಗೆ ಅಂಟಿಕೊಂಡೇ ಇರುತ್ತದೆ. ತೀರಾ ಹೊಸದು ಬರುವುದು ಹೊರಗಿನಿಂದ ಬಂದು ಘಟಕ ಹಾಕುವವರಿಂದ.

ಬಾಂಗ್ಲಾದೇಶದ ಕಥೆ ಇದಕ್ಕಿಂತ ರುಚಿಯಾಗಿದೆ. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ದಕ್ಷಿಣ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡಿಕೊಂಡು, 130 ಮಂದಿಯನ್ನು ಆರು ತಿಂಗಳ ತರಬೇತಿಗೆ ಬೂಸಾನ್‌ಗೆ ಕಳಿಸಿತು. ಹೊಲಿಯುವುದು ಮಾತ್ರ ಅಲ್ಲ, ಲೈನ್ ಹಾಕುವುದು, ಮಾಲು ಪರೀಕ್ಷಿಸುವುದು, ವಿದೇಶಿ ಗಿರಾಕಿಯನ್ನು ಹಿಡಿಯುವುದು, ಎಲ್ಲ ನೋಡಿ ಬಂದರು. ಮುಂದಿನ ಕೆಲವು ವರ್ಷಗಳಲ್ಲಿ ಆ 130ರಲ್ಲಿ 115 ಮಂದಿ ದೇಶ್ ಬಿಟ್ಟರು. ಸ್ವಂತ ಫ್ಯಾಕ್ಟರಿ ಹಾಕಿದರು, ಇಲ್ಲವೇ ಬೇರೆ ಫ್ಯಾಕ್ಟರಿಗಳನ್ನು ಎಬ್ಬಿಸಿದರು. ಇವತ್ತು ಆ ದೇಶದ ರಫ್ತಿನಲ್ಲಿ ಶೇಕಡ 80ಕ್ಕಿಂತ ಹೆಚ್ಚು ಸಿದ್ಧ ಉಡುಪು.

ಎರಡನೇ ತಲೆಮಾರು

ದೇಶಕ್ಕೆ ಲಾಭ ಆಯಿತು, ಸರಿ. ದೇಶ್ ಗಾರ್ಮೆಂಟ್ಸ್ ಮಾಲಕನಿಗೆ ಏನಾಯಿತು, ಅದನ್ನು ಯಾರೂ ಕೇಳುವುದಿಲ್ಲ.

ಸಂಕೇಶ್ವರ ಓದುಗ

ಅದೇ ಕಷ್ಟ ನೋಡಿ ಸರ್. ಕಲಿಸಿದವರಿಗೆ ಆಗುವ ಖರ್ಚು ಮತ್ತು ಊರಿಗೆ ಆಗುವ ಲಾಭ ಒಂದೇ ಜೇಬಿನಲ್ಲಿ ಇರುವುದಿಲ್ಲ. ಅದಕ್ಕೇ ಕಲಿಸುವ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರವೋ ಮಾಲಕರ ಸಂಘವೋ ಹೊರಬೇಕು ಅನ್ನುವುದು. ಉದ್ಯಮಬಾಗದಲ್ಲಿ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಇರುವುದು ಅದಕ್ಕೇ ತಾನೇ? ಅಪ್ರೆಂಟಿಸ್ ಸ್ಟೈಪೆಂಡಿನಲ್ಲೂ ಒಂದು ಭಾಗವನ್ನು ಕೇಂದ್ರ ಸರ್ಕಾರ ಕೊಡುತ್ತದೆ. ನಮ್ಮ ಸಣ್ಣ ಫೌಂಡ್ರಿಗಳು ಆ ಕಾಗದದ ಕೆಲಸಕ್ಕೆ ಬೇಸತ್ತು ಕೈಬಿಡುತ್ತವೆ. ಸಂಘದಲ್ಲಿ ಒಬ್ಬ ಗುಮಾಸ್ತರನ್ನು ಇಟ್ಟು ಎಲ್ಲರ ಪರವಾಗಿ ಅರ್ಜಿ ತುಂಬಿಸಿದರೆ ಮುಗಿಯಿತು.

ತಿಕೋಟಾ ತೋಟದವ

ಕಾರ್ಖಾನೆ ಮಂದಿಯೇ ಮಾತಾಡುತ್ತಿದ್ದೀರಿ. ತೋಟವೂ ಒಂದು ಉದ್ಯೋಗವೇ, ಅಲ್ವಾ?

ವಿಜಯಪುರದ ದ್ರಾಕ್ಷಿ ಈಗ ಎಲ್ಲರಿಗೂ ಗೊತ್ತು. ಆದರೆ ನಮ್ಮ ಭಾಗದ ರೈತರಿಗೆ ಈ ವಿದ್ಯೆ ಬಂದದ್ದು ಸಾಂಗಲಿ, ಸೊಲ್ಲಾಪುರದ ಕಡೆಯಿಂದ. ಬಳ್ಳಿ ಅಲ್ಲಿಂದ ತಂದರೆ ಸಾಲದು. ವರ್ಷಕ್ಕೆ ಎರಡು ಚಾಟನಿ, ಅಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್‌ನಲ್ಲಿ ಹಿಂದಕ್ಕೆ ಕತ್ತರಿಸಬೇಕು, ಅಕ್ಟೋಬರ್‌ನಲ್ಲಿ ಫಲಕ್ಕೆ. ಕಡ್ಡಿಯ ಯಾವ ಕಣ್ಣಿನಲ್ಲಿ (ಮೊಗ್ಗಿನಲ್ಲಿ) ಗೊನೆ ಇದೆ, ಎಷ್ಟು ಕಣ್ಣು ಬಿಟ್ಟು ಕತ್ತರಿ ಹಾಕಬೇಕು ಅನ್ನುವುದು ಕಡ್ಡಿಯ ದಪ್ಪ, ಬಣ್ಣ ನೋಡಿದ ಕೂಡಲೇ ತಿಳಿಯಬೇಕು. ಒಂದು ಕಣ್ಣು ಹೆಚ್ಚು ಕಡಿಮೆ ಆದರೆ ಆ ವರ್ಷ ಬರೀ ಎಲೆ.

ನಮ್ಮ ದೊಡ್ಡಪ್ಪನ ತೋಟಕ್ಕೆ ಮೊದಲು ತಾಸಗಾಂವ್ ಕಡೆಯ ಚಾಟನಿ ಗುಂಪು ಬರುತ್ತಿತ್ತು. ಹಿಂದೆ ಕಡ್ಡಿ ಆರಿಸುತ್ತ ಹೋದ ನಮ್ಮೂರ ಹುಡುಗರು ಆಮೇಲೆ ತಾವೇ ಕತ್ತರಿ ಹಿಡಿದರು. ಈಗ ನಮ್ಮ ಹುಡುಗರ ಗುಂಪೇ ಬೇರೆ ತಾಲೂಕುಗಳಿಗೆ ಹೋಗಿ ಚಾಟನಿ ಮಾಡುತ್ತದೆ. ಮಣೂಕದ್ದೂ (ಒಣದ್ರಾಕ್ಷಿ) ಅದೇ ದಾರಿ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಗೊನೆ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ನೆರಳಿನಲ್ಲಿ ಹರಡಿದರೆ ಸುಮಾರು ಎರಡು ವಾರಕ್ಕೆ ಒಣಗುತ್ತದೆ. ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಮಣೂಕ. ಎಣ್ಣೆ ಜಾಸ್ತಿಯಾದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಒಣಗುವುದಿಲ್ಲ. ಇದನ್ನೂ ಕಲಿತದ್ದು ಶೆಡ್ಡಿನಲ್ಲಿ ಕೂಲಿ ಮಾಡಿ ಬಂದವರಿಂದ.

ಯಾವ ಇಲಾಖೆಯ ಹಾಳೆ ಓದಿಯೂ ಯಾರೂ ಚಾಟನಿ ಕಲಿತದ್ದನ್ನು ನಾನಂತೂ ನೋಡಿಲ್ಲ.

ಹುಕ್ಕೇರಿ ಹುಳ

ಹಾಗಾದರೆ ಒಂದು ಪ್ರಶ್ನೆ. ಮಂದಿ ಓಡಾಡಿದರೆ ಕಸುಬು ಬರುತ್ತದೆ ಅನ್ನುವುದಾದರೆ, ಮಹಾರಾಷ್ಟ್ರದ ಬೀಡ್ ಕಡೆಯಿಂದ ನಮ್ಮ ಭಾಗಕ್ಕೆ ವರ್ಷವೂ ಕಬ್ಬು ಕಡಿಯುವ ಗ್ಯಾಂಗ್ ಬರುತ್ತವೆ. ಸೀಸನ್ ಮುಗಿಯುವ ತನಕ ಹೊಲದ ಬದಿಯಲ್ಲಿ ಗುಡಿಸಲು, ಆಮೇಲೆ ವಾಪಸ್. ಅದರಿಂದ ಬೀಡ್‌ನಲ್ಲಾಗಲಿ ಇಲ್ಲಾಗಲಿ ಯಾವ ಹೊಸ ಉದ್ಯೋಗ ಹುಟ್ಟಿದೆ?

ಪ್ಯಾನ್‌ಮನ್ ಮಗ

ಒಳ್ಳೆ ಪ್ರಶ್ನೆ. ನಮ್ಮಪ್ಪ ಸಕ್ಕರೆ ಫ್ಯಾಕ್ಟರಿಯಲ್ಲಿ ಪ್ಯಾನ್‌ಮನ್, ಅಂದರೆ ಸಿರಪ್ ಕುದಿಸಿ ಸಕ್ಕರೆ ಕಾಳು ಕಟ್ಟಿಸುವವರು. ಅದೇ ಕಬ್ಬು, ಅದೇ ಸೀಸನ್, ಆದರೆ ಅವರ ಓಡಾಟ ಬೇರೆ ತರಹದ್ದು.

ಪ್ಯಾನಿನಲ್ಲಿ ಸಿರಪ್ ಕುದಿಯುವಾಗ ಸಣ್ಣ ಗಾಜಿನ ಮೇಲೆ ಒಂದಿಷ್ಟು ತೆಗೆದು ಬೆಳಕಿಗೆ ಹಿಡಿದು ಕಾಳು ನೋಡುತ್ತಾರೆ. ಬೆರಳುಗಳ ನಡುವೆ ಎಳೆದು ನೂಲು ಎಷ್ಟು ಉದ್ದ ಬರುತ್ತದೆ ನೋಡುತ್ತಾರೆ. ಕಾಳು ಸಣ್ಣದಾಗಿ ಹರಡಿದರೆ ಇಡೀ ಪ್ಯಾನ್ ಕೆಟ್ಟಂತೆ. ಹೊಸ ಫ್ಯಾಕ್ಟರಿ ಶುರುವಾದಾಗ ಮಾಲಕರು ಮೊದಲು ಹುಡುಕುವುದು ಇಂಥವರನ್ನು, ಆಮೇಲೆ ಕೆಮಿಸ್ಟ್, ಬಾಯ್ಲರ್ ಅಟೆಂಡೆಂಟ್. ನಮ್ಮಪ್ಪನ ಸಂಗಡಿಗರಲ್ಲಿ ಕೊಲ್ಲಾಪುರ, ಸಾಂಗಲಿ ಕಡೆಯ ಫ್ಯಾಕ್ಟರಿಗಳಲ್ಲಿ ದುಡಿದು ಬಂದವರು ಬಹಳ. ಈಗ ಸಕ್ಕರೆ ಫ್ಯಾಕ್ಟರಿಗಳು ಎಥನಾಲ್‌ಗೆ ಕೈ ಹಾಕಿವೆ. ಡಿಸ್ಟಿಲರಿಗೆ ಹೋದವರಲ್ಲಿ ಅರ್ಧ ಮಂದಿ ನಮ್ಮ ಕಾಲನಿಯಲ್ಲೇ ಬೆಳೆದವರು. ಕಾಕಂಬಿ ಗೊತ್ತು, ಸ್ಟೀಮ್ ಗೊತ್ತು, ಯೀಸ್ಟಿನ ವಿಷಯ ಒಂದನ್ನು ಹೊಸದಾಗಿ ಕಲಿತರು. ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಓದಿದವರೂ ಇದ್ದಾರೆ.

ಕಬ್ಬು ಕಡಿಯುವವರಿಗೆ ಮುಕ್ಕದ್ದಮನ (ಗ್ಯಾಂಗ್ ಕರೆತರುವ ಮೇಸ್ತ್ರಿಯ) ಮುಂಗಡ ಸಾಲ ಇರುತ್ತದೆ. ಕತ್ತಿ ಬಿಟ್ಟು ಫ್ಯಾಕ್ಟರಿ ಒಳಗೆ ಕಾಲಿಡುವ ದಾರಿಯೇ ಇರುವುದಿಲ್ಲ. ಕಾಲು ಬಂತು, ಆದರೆ ಕಲಿಯುವ ಜಾಗಕ್ಕೆ ಅವರನ್ನು ಯಾರೂ ಬಿಟ್ಟುಕೊಳ್ಳಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ರಬಕವಿ ಮಗ್ಗ

ಎಲ್ಲರೂ ಬಂದವರ ಕಥೆ ಹೇಳಿದಿರಿ. ಹೋದವರದ್ದು ನಾನು ಹೇಳುತ್ತೇನೆ.

ರಬಕವಿ, ಬನಹಟ್ಟಿಯಿಂದ ಮಹಾರಾಷ್ಟ್ರದ ಇಚಲಕರಂಜಿಗೆ ಹೋಗುವ ನೇಕಾರರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಇಚಲಕರಂಜಿಗೆ 1904ರಲ್ಲೇ ವಿಠ್ಠಲರಾವ್ ದಾತಾರ್ ಅವರು ಪವರ್‌ಲೂಮ್ ತಂದಿದ್ದರು. ನನ್ನ ಚಿಕ್ಕಪ್ಪ ಅಲ್ಲಿ ರೇಪಿಯರ್ ಮಗ್ಗದ ಮೇಲೆ ದುಡಿದರು. ಲಾಳಿ ಇಲ್ಲದ ಮಗ್ಗ, ನಮ್ಮ ಹಳೇ ಮಗ್ಗಕ್ಕಿಂತ ಎಷ್ಟೋ ಪಟ್ಟು ವೇಗ. ಜೋಡಿಸುವುದು, ರಿಪೇರಿ ಮಾಡುವುದು ಎಲ್ಲ ಕಲಿತು, ಊರಲ್ಲೇ ಮಾಡೋಣ ಅಂತ ವಾಪಸ್ ಬಂದರು. ಸೆಕೆಂಡ್ ಹ್ಯಾಂಡ್ ರೇಪಿಯರ್ ತಂದೂ ಹಾಕಿದರು.

ನಡೆಯಲಿಲ್ಲ. ಆ ವೇಗಕ್ಕೆ ಹಾಸು (ಉದ್ದದ ನೂಲು) ಗಟ್ಟಿ ಇರಬೇಕು, ಅಷ್ಟು ಚೆನ್ನಾಗಿ ಗಂಜಿ ಕೊಟ್ಟ ಬೀಮ್ (ಹಾಸು ಸುತ್ತಿದ ಉರುಳೆ) ಹತ್ತಿರದಲ್ಲಿ ಸಿಗಲಿಲ್ಲ. ಒಂದು ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟರೆ ಅದನ್ನು ಹಿಡಿದುಕೊಂಡು ಇಚಲಕರಂಜಿಗೇ ಬಸ್ ಹತ್ತಬೇಕು. ಅಲ್ಲಿ ಸೈಜಿಂಗ್ (ನೂಲಿಗೆ ಗಂಜಿ ಕೊಡುವುದು) ಒಂದು ಓಣಿಯಲ್ಲಿ, ಬಿಡಿಭಾಗ ಇನ್ನೊಂದು ಓಣಿಯಲ್ಲಿ, ಬಟ್ಟೆ ಕೊಳ್ಳುವವನು ಮೂರನೇ ಓಣಿಯಲ್ಲಿ. ಚಿಕ್ಕಪ್ಪನಿಗೆ ಕೆಲಸ ಗೊತ್ತಿತ್ತು, ಆದರೆ ಊರಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಕಡೆಗೆ ಮಗ್ಗ ಮಾರಿ ಮತ್ತೆ ಅಲ್ಲಿಗೇ ಹೋದರು.

ಆದ್ದರಿಂದ ನನ್ನ ಮಾತು ಇಷ್ಟು: ಒಬ್ಬ ಬಂದರೆ ಸಾಲದು. ನಾಲ್ಕಾರು ಬೇರೆ ಬೇರೆ ಕೆಲಸದವರು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬರಬೇಕು. ಕಿರ್ಲೋಸ್ಕರ್ ಕೆಲಸಗಾರರನ್ನು ಕುಟುಂಬ ಸಮೇತ ಕರೆದುಕೊಂಡು ಹೋದರು ಅಂತ ಮೇಲೆ ಬರೆದಿದ್ದೀರಲ್ಲ, ನನಗೆ ಇಡೀ ಕಥೆಯಲ್ಲಿ ಅದೇ ದೊಡ್ಡದು ಅನಿಸಿತು.

ಅನಗೋಳ ಫಿಟ್ಟರ್

ಮಗ್ಗದ ಅಣ್ಣಾ, ಇದು ಬಹಳ ಬೆಲೆಯ ಮಾತು. ಹತ್ತರಗಿಯಲ್ಲೂ ಅದೇ ಆಗಿರುವುದು ನೋಡಿ. ಫೋರ್ಜಿಂಗ್ (ಲೋಹ ಕಾಯಿಸಿ ಒತ್ತಿ ರೂಪ ಕೊಡುವುದು), ಮೆಷಿನಿಂಗ್, ಮೇಲ್ಮೈ ಸಂಸ್ಕರಣೆ, ಜೋಡಣೆ ಎಲ್ಲ ಒಂದೇ ಆವರಣದಲ್ಲಿ. ಇಲ್ಲದಿದ್ದರೆ ಒಂದು ಪೀಸು ಬಣ್ಣಕ್ಕೊಂದು ಊರು, ಪರೀಕ್ಷೆಗೊಂದು ಊರು ಅಂತ ತಿರುಗಬೇಕು. ಫ್ರಾನ್ಸಿನ ಫೋರ್ಜಿಂಗ್ ಕಂಪನಿ, ಕೆನಡಾದ ಕಂಪನಿ ಪಾಲುದಾರರಾಗಿ ಬಂದಾಗ ಅವರ ಮಂದಿಯೂ ಬಂದು ನಿಂತು ಕಲಿಸಿದರು. ಏಕಸ್ ಕಟ್ಟಿದ ಅರವಿಂದ ಮೆಳ್ಳಿಗೇರಿ ಅವರೂ ಅಮೆರಿಕದಲ್ಲಿ ಓದಿ, ದುಡಿದು, 1997ರಲ್ಲಿ ಜೊತೆಗಾರರೊಬ್ಬರ ಸಂಗಡ ಕ್ವೆಸ್ಟ್ ಎಂಬ ಇಂಜಿನಿಯರಿಂಗ್ ಕಂಪನಿ ನಡೆಸಿ ಆಮೇಲೆ ಇದಕ್ಕೆ ಕೈ ಹಾಕಿದವರು.

ನಿಪ್ಪಾಣಿ ನಿಷ್ಠುರ

[ಈ ಪ್ರತಿಕ್ರಿಯೆಯನ್ನು ತೆಗೆಯಲಾಗಿದೆ]

ನಿರ್ವಾಹಕರು

ಗಡಿ ವಿಷಯಕ್ಕೆ ಬೇರೆ ಎಳೆ ಇದೆ. ದಯವಿಟ್ಟು ಇಲ್ಲಿ ಬೇಡ. ಕೊಲ್ಲಾಪುರದ ಮೋಲ್ಡರ್ ಯಾವ ಭಾಷೆ ಮಾತಾಡುತ್ತಾನೆ ಎಂಬುದರಿಂದ ಕಾಸ್ಟಿಂಗ್‌ನಲ್ಲಿ ತೂತು ಬೀಳುವುದಿಲ್ಲ.

ವಕೀಲ ಕಾಕಾ

ಮಾಲಕರ "ಬಾಯಿಮಾತಿನ ಒಪ್ಪಂದ"ದ ಬಗ್ಗೆ ಎರಡು ಮಾತು. ನಾನು ಕಾರ್ಮಿಕ ದಾವೆ ನಡೆಸುವವನು.

ನಮ್ಮ ಕರಾರು ಕಾಯ್ದೆ 1872ರದು. ಅದರ 27ನೇ ಕಲಮಿನ ಪ್ರಕಾರ, ಒಬ್ಬನನ್ನು ಕಾನೂನುಬದ್ಧ ಕಸುಬು ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. "ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿಯ ಹತ್ತಿರ ಹೋಗಬಾರದು" ಅಂತ ಸಹಿ ಹಾಕಿಸಿಕೊಂಡಿದ್ದರೂ ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ. ತಮಾಷೆ ಅಂದರೆ ಕ್ಯಾಲಿಫೋರ್ನಿಯಾದಲ್ಲೂ ಇಂಥದೇ ಕಾನೂನು, ಅದೂ 1872ರದ್ದೇ. ಸಿಲಿಕಾನ್ ವ್ಯಾಲಿಯಲ್ಲಿ ಇಂಜಿನಿಯರುಗಳು ಬೆಳಗ್ಗೆ ಒಂದು ಕಂಪನಿ ಬಿಟ್ಟು ಸಂಜೆ ಎದುರಿನ ಕಂಪನಿ ಸೇರಲು, ಸ್ವಂತದ್ದು ಶುರು ಮಾಡಲು ಇದೂ ಒಂದು ಕಾರಣ ಅನ್ನುತ್ತಾರೆ. ಬಾಸ್ಟನ್ ಸುತ್ತಲಿನ ಕಂಪ್ಯೂಟರ್ ಕಂಪನಿಗಳು ಒಂದು ಕಾಲಕ್ಕೆ ಅವರಿಗಿಂತ ಕಡಿಮೆ ಏನಿರಲಿಲ್ಲ. ಅಲ್ಲಿ ಇಂಥ ಕರಾರು ನಡೆಯುತ್ತಿತ್ತು, ಮಂದಿಯೂ ಇದ್ದ ಕಡೆಯೇ ಇರುತ್ತಿದ್ದರು. ಆಮೇಲೆ ಯಾರು ಮುಂದೆ ಹೋದರು ಅಂತ ನಿಮಗೇ ಗೊತ್ತು. ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ.

ಅದೇ ಸಿಲಿಕಾನ್ ವ್ಯಾಲಿಯಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ ಒಳಗೊಳಗೇ "ಒಬ್ಬರ ಮಂದಿಯನ್ನು ಒಬ್ಬರು ಕರೆಯಬಾರದು" ಅಂತ ಮಾತಾಡಿಕೊಂಡಿದ್ದರು. ನೌಕರರು ದಾವೆ ಹೂಡಿದರು. 2015ರಲ್ಲಿ 41.5 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಳ್ಳಬೇಕಾಯಿತು. ಉದ್ಯಮಬಾಗದ ಮಾಲಕರು ಇದನ್ನು ಒಮ್ಮೆ ಓದಿಕೊಳ್ಳಲಿ.

ಹಾಗಂತ ಮಾಲಕರ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಕನಿಷ್ಠ ಇಷ್ಟು ವರ್ಷ ಕೆಲಸ ಮಾಡುತ್ತೇನೆ, ಬಿಟ್ಟರೆ ಇಷ್ಟು ಹಣ ಕಟ್ಟುತ್ತೇನೆ ಎಂಬ ಬಾಂಡ್ ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಟ್ಟವರು 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಅದು ನಮ್ಮ ಹೈಕೋರ್ಟಿನಿಂದಲೇ ಮೇಲೆ ಹೋದ ಪ್ರಕರಣ. ಆದರೆ ಹಣ ನ್ಯಾಯವಾಗಿರಬೇಕು. ತಿಂಗಳ ಪಗಾರ 14 ಸಾವಿರ ಕೊಟ್ಟು 2 ಲಕ್ಷದ ಬಾಂಡ್ ಬರೆಸಿಕೊಂಡರೆ ನ್ಯಾಯಾಧೀಶರು ಹುಬ್ಬು ಏರಿಸದೇ ಇರುತ್ತಾರೆಯೇ?

ವಿಎಂಸಿ ರಾತ್ರಿಪಾಳಿ

ಕಾಕಾ, ಒಂದು ಕಡೆ ನನ್ನ ಒರಿಜಿನಲ್ ಐಟಿಐ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಕೊಡುವುದಿಲ್ಲ ಅಂದಿದ್ದರು. ಹೆಸರು ಹೇಳುವುದಿಲ್ಲ. ಇದಕ್ಕೆ ಏನಾದರೂ ದಾರಿ ಇದೆಯಾ? ನಾನು ಕೊನೆಗೆ ಡೂಪ್ಲಿಕೇಟ್ ತೆಗೆಸಿದೆ, ಆದರೆ ಈಗಲೂ ಹುಡುಗರು ಕೇಳುತ್ತಾರೆ.

ವಕೀಲ ಕಾಕಾ

ಕಾಗದ ನಿನ್ನದು ತಮ್ಮಾ. ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಮೊದಲು ಬರಹದಲ್ಲಿ ಕೇಳಬೇಕು, ಕೊಡದಿದ್ದರೆ ವಕೀಲರ ನೋಟಿಸ್. ಬಹಳ ಸಲ ನೋಟಿಸ್ ಹೋದ ಮೇಲೆ ಕಪಾಟಿನ ಬೀಗದ ಕೈ ತಾನೇ ಸಿಗುತ್ತದೆ.

ಪುಣೆ ರಿಟರ್ನ್

ಇಷ್ಟೊತ್ತು ಓದುತ್ತಿದ್ದೆ. ಇಲ್ಲಿ ಹೆಣ್ಣುಮಕ್ಕಳ ಮಾತೇ ಇಲ್ಲವಲ್ಲ!

ನಾನು ಪುಣೆಯಲ್ಲಿ ಆಟೊ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಇದ್ದೆ. ಈಗ ಬೆಳಗಾವಿಗೆ ಬಂದಿದ್ದೇನೆ. ಪಗಾರ ಕಡಿಮೆಯಾಯಿತು, ಅದು ಗೊತ್ತಿದ್ದೇ ಬಂದೆ. ತವರು ಇಲ್ಲೇ, ಮಗುವನ್ನು ನೋಡಿಕೊಳ್ಳಲು ಅಮ್ಮ ಇದ್ದಾರೆ. ನನ್ನ ಜೊತೆ ಬರಬೇಕಿದ್ದ ಇಬ್ಬರು ಬರಲಿಲ್ಲ. ಒಬ್ಬಳ ಗಂಡನಿಗೆ ಇಲ್ಲಿ ಸಾಫ್ಟ್‌ವೇರ್ ಕೆಲಸ ಸಿಗಲಿಲ್ಲ. ಇನ್ನೊಬ್ಬಳು ಎರಡನೇ ಪಾಳಿ ಮುಗಿದ ಮೇಲೆ ಮನೆಗೆ ಹೋಗುವುದು ಹೇಗೆ ಅಂತ ಕೇಳಿದಳು. ಎಚ್‌ಆರ್‌ನವರು "ಹೆಣ್ಣುಮಕ್ಕಳಿಗೆ ಜನರಲ್ ಶಿಫ್ಟ್ ಕೊಡುತ್ತೇವೆ" ಅಂದರು. ಜನರಲ್ ಶಿಫ್ಟ್‌ನಲ್ಲೇ ಕೂತವರಿಗೆ ಬಡ್ತಿ ಯಾವಾಗ ಸಿಗುತ್ತದೆ ಅಂತ ಅವಳಿಗೆ ಗೊತ್ತು.

ಅನುಭವ ಇದ್ದವರನ್ನು ಹೊರಗಿನಿಂದ ತರಬೇಕು ಅಂತ ಎಲ್ಲರೂ ಹೇಳುತ್ತೀರಿ. ಮೂವತ್ತು ದಾಟಿದ, ಅನುಭವ ಇರುವ ಮನುಷ್ಯ ಒಬ್ಬನೇ ಬರುವುದಿಲ್ಲ. ಹೆಂಡತಿಯ ಅಥವಾ ಗಂಡನ ಕೆಲಸ, ಮಕ್ಕಳ ಶಾಲೆಯ ಸೀಟು, ವಯಸ್ಸಾದವರ ಆಸ್ಪತ್ರೆ ಎಲ್ಲ ಜೊತೆಗೆ ಬರುತ್ತದೆ. ಪುಣೆಯಿಂದ ಒಬ್ಬ ಟೂಲ್ ಡಿಸೈನರನ್ನು ಕರೆಯುವ ಖರ್ಚಿನಲ್ಲಿ ಬಾಡಿಗೆ ಮನೆ ಹುಡುಕಿಕೊಡುವ ಖರ್ಚು ಎಷ್ಟು ದೊಡ್ಡದು? ಅದನ್ನು ಮಾಡುವ ಕಂಪನಿಗಳು ಇವೆ, ಬೆರಳೆಣಿಕೆಯಷ್ಟು.

ಹುಕ್ಕೇರಿ ಹುಳ

ಅಕ್ಕಾ, ಪುಣೆಯವರನ್ನು ಕುಂದಾ ಕೊಟ್ಟು ಕರೆಯೋಣ.

ಪುಣೆ ರಿಟರ್ನ್

ಕುಂದಾ ಅಲ್ಲೂ ಸಿಗುತ್ತದೆ ತಮ್ಮಾ. ರಾತ್ರಿ ಹನ್ನೊಂದಕ್ಕೆ ಬಸ್ ಸಿಗುವ ಹಾಗೆ ಮಾಡು.

ಎರಡನೇ ತಲೆಮಾರು

ಎಲ್ಲ ಓದಿದೆ. ಒಪ್ಪಂದದ ವಿಷಯ ನಾನು ಸಂಘದಲ್ಲಿ ಎತ್ತುವುದಿಲ್ಲ, ವಕೀಲರ ಡಾಲರ್ ಲೆಕ್ಕ ನೋಡಿಯೇ ಎದೆ ಧಸಕ್ ಅಂದಿತು. ಆದರೆ ಕಲಿಸಿದ ಖರ್ಚಿನ ಪ್ರಶ್ನೆಯನ್ನು ನೀವು ಯಾರೂ ಪೂರ್ತಿ ಬಗೆಹರಿಸಿಲ್ಲ. ದೊಡ್ಡ ಕಂಪನಿಗಳು ನಮ್ಮ ಹುಡುಗರನ್ನು ತೆಗೆದುಕೊಳ್ಳಲಿ, ಬದಲಿಗೆ ಸಣ್ಣ ಕೆಲಸ ಕೊಡಲಿ. ಫಿಕ್ಸ್ಚರ್ (ಪೀಸು ಹಿಡಿಯುವ ಚೌಕಟ್ಟು) ಆದರೂ, ಪ್ಯಾಕಿಂಗ್ ಆದರೂ. ನಮ್ಮಲ್ಲಿ ಕಲಿತು ಅಲ್ಲಿಗೆ ಹೋದ ಹುಡುಗನೇ ನಮ್ಮ ಶಾಪಿಗೆ ಇನ್‌ಸ್ಪೆಕ್ಷನ್‌ಗೆ ಬಂದರೆ, ಏನು ತಪ್ಪು ಅಂತ ನೇರವಾಗಿ ಹೇಳುತ್ತಾನೆ. ಅಂಥದೊಂದು ಆರ್ಡರ್ ನಮ್ಮ ಪಕ್ಕದ ಶೆಡ್ಡಿನವರಿಗೆ ಬಂದಿದೆ, ಅವರ ಹಳೇ ಟರ್ನರ್ ಮೂಲಕವೇ.

ಇನ್ನೊಂದು ಮಾತು. ನಮ್ಮಲ್ಲಿ ಫೆಟ್ಲಿಂಗ್‌ಗೆ (ಎರಕ ಉಜ್ಜಿ ಚೊಕ್ಕ ಮಾಡುವುದಕ್ಕೆ) ಬಿಹಾರ, ಒಡಿಶಾದ ಹುಡುಗರು ಗುತ್ತಿಗೆಯಲ್ಲಿ ಇದ್ದಾರೆ. ಪ್ಯಾನ್‌ಮನ್ ಮಗ ಬರೆದದ್ದು ಓದಿ ಅವರ ನೆನಪಾಯಿತು. ಅವರಲ್ಲಿ ಒಬ್ಬ ಕೋರ್ (ಎರಕದೊಳಗೆ ಟೊಳ್ಳು ಬಿಡಿಸುವ ಮರಳಿನ ಅಚ್ಚು) ಮಾಡುವುದನ್ನು ನೋಡಿ ನೋಡಿ ಕಲಿತಿದ್ದಾನೆ, ಕೈ ಚೆನ್ನಾಗಿದೆ. ಗುತ್ತಿಗೆದಾರ ಬಿಡುತ್ತಾನೋ ಇಲ್ಲವೋ, ಕೇಳಿ ನೋಡುತ್ತೇನೆ.

ವಕೀಲ ಕಾಕಾ

ಕೇಳುವುದೇನಿದೆ ಮಾಲಕರೇ? ಮೇಲೆ 27ನೇ ಕಲಂ ಬರೆದದ್ದು ಅವನಿಗೂ ಸೇರಿಯೇ. ಅವನನ್ನು ಕೇಳಿ, ನಿಮ್ಮ ರೋಲಿಗೆ ತೆಗೆದುಕೊಳ್ಳಿ. ಪಿಎಫ್ ಸಂಖ್ಯೆ ಹಳೆಯದೇ ಇರಲಿ, ಹೊಸದು ಮಾಡಿಸಬೇಡಿ.

ಅನಗೋಳ ಫಿಟ್ಟರ್

ಅಪ್ರೆಂಟಿಸ್ ಅರ್ಜಿಗೆ ಸಂಘದಲ್ಲಿ ಗುಮಾಸ್ತರನ್ನು ಇಡುವ ಮಾತನ್ನು ನಾಡಿದ್ದು ಸಭೆಯಲ್ಲಿ ಹೇಳುತ್ತೇನೆ. ಎರಡನೇ ತಲೆಮಾರಿನವರು ಅನುಮೋದನೆ ಕೊಟ್ಟರೆ ಅರ್ಧ ಕೆಲಸ ಆದ ಹಾಗೆ. ಪುಣೆ ಅಕ್ಕಾ, ರಾತ್ರಿ ಬಸ್ಸಿಗೆ ಯಾವ ಯಾವ ಶೆಡ್ಡಿನಿಂದ ಎಷ್ಟು ಮಂದಿ ಬರುತ್ತಾರೆ ಅಂತ ಒಂದು ಪಟ್ಟಿ ಮಾಡಿಕೊಡಿ. ಸಾರಿಗೆ ಡಿಪೊದವರು ಮೊದಲು ಅದನ್ನೇ ಕೇಳುತ್ತಾರೆ.

ಪುಣೆ ರಿಟರ್ನ್

ನಮ್ಮ ಶೆಡ್ಡಿನದ್ದು ಇವತ್ತೇ ಹಾಕುತ್ತೇನೆ. ಉಳಿದವರು ಪಾಳಿ ಮುಗಿಯುವ ಹೊತ್ತು, ಇಳಿಯುವ ಸ್ಟಾಪ್ ಎರಡನ್ನೂ ಬರೆಯಿರಿ. ಸುಮ್ನೆ "ನಾನೂ" ಅಂತ ಬರೆದರೆ ಪಟ್ಟಿಗೆ ಸೇರಿಸುವುದಿಲ್ಲ.